ಹೊಸ ಖೋಲಿ ಕಟ್ಟುವ ಮುನ್ನ ಹಳೇ ಮನೆಯ ಕಾಗದ

(ಧಾರವಾಡದ ಬಡಾವಣೆಯೊಂದರ ನಿವಾಸಿಗಳು ಕರೆದಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ನಡುನಡುವೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮನೆಯ ಪ್ಲ್ಯಾನ್ ಮಾಡಿಕೊಡುವ ನನ್ನಂಥವರ ಬಳಿ ಜನ ಬರುವ ಹೊತ್ತಿಗೆ ಅರ್ಧ ಕೆಲಸ ಮುಗಿದೇ ಹೋಗಿರುತ್ತದೆ. ಮಗನ ಲಗ್ನ ಗೊತ್ತಾಗಿರುತ್ತದೆ, ಗೌಂಡಿಗೆ ಮುಂಗಡ ಮುಟ್ಟಿರುತ್ತದೆ, ಮನೆ ಮುಂದೆ ಒಂದು ಟ್ರಿಪ್ ಉಸುಕು ಬಂದು ಬಿದ್ದಿರುತ್ತದೆ. ಆಮೇಲೆ ಕೇಳುತ್ತಾರೆ: "ಸರ್, ಮ್ಯಾಲ ಬರೇ ಒಂದ್ ಖೋಲಿ ಏರಸೋದೈತಿ. ಅದಕ್ಕೂ ಪರ್ಮಿಶನ್ ಬೇಕೇನ್ರೀ?"

ಬೇಕು. ಆದರೆ ಅಷ್ಟೇ ಹೇಳಿ ಕಳಿಸಿದರೆ ಏನೂ ಹೇಳಿದಂತಾಗುವುದಿಲ್ಲ. ಹೊಸ ಖೋಲಿಗೆ ಅರ್ಜಿ ಹಾಕಿದಿರಿ ಅನ್ನಿ, ಕಚೇರಿಯವರು ಮೊದಲು ತೆರೆದು ನೋಡುವುದು ನೀವು ಇಷ್ಟು ವರ್ಷ ವಾಸ ಮಾಡಿಕೊಂಡು ಬಂದ ಹಳೇ ಮನೆಯ ಫೈಲನ್ನು. ಸಂಬಂಧ ನೋಡಲು ಬಂದವರು ಹುಡುಗನಿಗಿಂತ ಮುಂಚೆ ಮನೆತನ ವಿಚಾರಿಸುತ್ತಾರಲ್ಲ, ಹಾಗೆ. ಜಾಗ ಯಾರದು, ಲೇಔಟ್ ಮಂಜೂರಾಗಿದೆಯೇ, ಮೊದಲಿನ ನಕ್ಷೆಯಲ್ಲಿ ಏನಿತ್ತು, ಕಟ್ಟಿದ್ದು ಏನು, ಸುತ್ತಲೂ ಬಿಡಬೇಕಾದ ಜಾಗ ಬಿಟ್ಟಿದ್ದೀರೋ ಇಲ್ಲವೋ. ಇದರಲ್ಲಿ ಒಂದು ಕಡೆ ಸಿಕ್ಕಿಬಿದ್ದರೂ ಹೊಸ ಖೋಲಿಯ ಪ್ಲ್ಯಾನ್ ಎಷ್ಟು ಚೆಂದ ಇದ್ದರೂ ಮುಂದೆ ಹೋಗುವುದಿಲ್ಲ. ಹೀಗಾಗಿ ಇವತ್ತಿನ ಮಾತಿನಲ್ಲಿ ಹೊಸ ಕಟ್ಟಡಕ್ಕಿಂತ ಹಳೇ ಕಟ್ಟಡದ ಸುದ್ದಿಯೇ ಹೆಚ್ಚು.

ಮೊದಲು ಕಾಯ್ದೆ ಯಾವುದು ಎಂಬುದನ್ನು ಬೇಗ ಮುಗಿಸುತ್ತೇನೆ. ಹುಬ್ಬಳ್ಳಿ-ಧಾರವಾಡಕ್ಕೆ 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ. ಅದರ 299ನೇ ಕಲಂ ಅರ್ಜಿ ಹೇಗೆ ಹಾಕಬೇಕು ಎನ್ನುತ್ತದೆ, 300ನೇ ಕಲಂ ಪರವಾನಗಿ ಇಲ್ಲದೆ ಕೆಲಸ ಶುರು ಮಾಡಬಾರದು ಎನ್ನುತ್ತದೆ. ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಮಾಡಲು 2025ರ ಜನವರಿಯಲ್ಲಿ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿದೆ. ಪಾಲಿಕೆ ಎರಡಾದರೂ ಕಾಯ್ದೆ ಇದೇ. ಗದಗ-ಬೆಟಗೇರಿ ಮತ್ತು ಹಾವೇರಿ ನಗರಸಭೆಗಳಿಗೆ 1964ರ ಪುರಸಭೆಗಳ ಕಾಯ್ದೆ. ಹಳ್ಳಿಯಲ್ಲಿ ಮನೆ ಇದ್ದವರಿಗೆ 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣ. ಹಳ್ಳಿ ಅಂದ ಮಾತ್ರಕ್ಕೆ ಯಾರನ್ನೂ ಕೇಳಬೇಕಿಲ್ಲ ಎಂಬ ನಂಬಿಕೆ ಬಹಳ ಜನರಲ್ಲಿದೆ, ಅದು ಸುಳ್ಳು. ಇವೆಲ್ಲದರ ಮೇಲೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, ಅದರಡಿ ಬಂದ ಮಾಸ್ಟರ್ ಪ್ಲ್ಯಾನ್. ನಮ್ಮ ಅವಳಿ ನಗರದಲ್ಲಿ ಅದನ್ನು ನೋಡಿಕೊಳ್ಳುವುದು ನಾವೆಲ್ಲ 'ಹುಡಾ' ಎಂದು ಕರೆಯುವ ನಗರಾಭಿವೃದ್ಧಿ ಪ್ರಾಧಿಕಾರ. ಎಷ್ಟು ಎತ್ತರ, ಎಷ್ಟು ವಿಸ್ತಾರ, ಎಷ್ಟು ಜಾಗ ಬಿಡಬೇಕು ಎಂಬ ಕೋಷ್ಟಕಗಳೆಲ್ಲ ಇರುವುದು ಮಾಸ್ಟರ್ ಪ್ಲ್ಯಾನಿನ ವಲಯ ನಿಯಮಗಳಲ್ಲಿ.

ಯಾವುದಕ್ಕೆ ಪರವಾನಗಿ ಬೇಡ? ಸುಣ್ಣ-ಬಣ್ಣ, ಗಿಲಾವು, ಹಳೇ ಫರಸಿ ಕಿತ್ತು ಟೈಲ್ಸ್ ಹಾಕುವುದು, ಒಳಗೊಂದು ತೆಳು ಅಡ್ಡಗೋಡೆ, ಫಾಲ್ಸ್ ಸೀಲಿಂಗ್, ಎರಡು ಕೋಣೆಗಳ ನಡುವೆ ಒಂದು ಬಾಗಿಲು. ರಾಷ್ಟ್ರೀಯ ಕಟ್ಟಡ ಸಂಹಿತೆ ಇಂಥವನ್ನು ವಿನಾಯಿತಿಯಲ್ಲಿ ಇಟ್ಟಿದೆ. ಆದರೆ ಅದರಲ್ಲೂ ಒಂದು ಷರತ್ತು: ಹೊಸ ಕಿಟಕಿ-ಬಾಗಿಲು ಪಕ್ಕದವರ ಜಾಗದ ಕಡೆ ತೆರೆಯಬಾರದು. ಭಾರ ಹೊರುವ ಗೋಡೆ ಒಡೆಯುವುದು ಈ ಪಟ್ಟಿಯಲ್ಲಿ ಬರುವುದೇ ಇಲ್ಲ. ಹಳೇ ಮನೆಗಳಲ್ಲಿ ಯಾವ ಗೋಡೆ ಭಾರ ಹೊತ್ತಿದೆ ಎಂದು ಬಡಿದು ನೋಡಿ ಹೇಳುವ ಗೌಂಡಿಗಳಿದ್ದಾರೆ. ಅನುಭವಕ್ಕೆ ಗೌರವ ಕೊಡೋಣ, ಆದರೆ ಗೋಡೆ ಒಡೆಯುವ ಮುನ್ನ ಒಬ್ಬ ಎಂಜಿನಿಯರ್ ನೋಡಲಿ.

ಇಲ್ಲಿ ಎಲ್ಲರೂ ಎಡವುವುದು ಪತ್ರಾಸಿನ, ಅಂದರೆ ತಗಡಿನ ಹೊದಿಕೆಯ ವಿಷಯದಲ್ಲಿ. "ಸ್ಲ್ಯಾಬ್ ಹಾಕಿಲ್ಲ ಸರ್, ನಾಲ್ಕ್ ಪೈಪ್ ನಿಲ್ಲಿಸಿ ಪತ್ರಾಸ್ ಹೊದಿಸೀನಿ, ಅದು ಕಟ್ಟಡ ಹ್ಯಾಂಗಾಕ್ಕೈತಿ?" ಕಾಯ್ದೆಯ ವ್ಯಾಖ್ಯೆಯನ್ನು ಓದಿದರೆ ಆಗುತ್ತದೆ. ಶೆಡ್ಡು, ಗುಡಿಸಲು, ವರಾಂಡ, ಗೋಡೆ ಎಲ್ಲವೂ ಅದರಲ್ಲಿ ಕಟ್ಟಡವೇ. ಇಟ್ಟಿಗೆಯದೋ ಕಟ್ಟಿಗೆಯದೋ ಲೋಹದ್ದೋ ಎಂಬ ಭೇದ ಇಲ್ಲ. ಮಾಳಿಗೆಯ ಮೇಲೆ ಬಟ್ಟೆ ಒಣಗಿಸಲು ಹಾಕಿದ ಪತ್ರಾಸಿಗೆ ಯಾರೂ ನೋಟಿಸ್ ಕೊಡಲಿಕ್ಕಿಲ್ಲ. ಅದಕ್ಕೇ ನಾಲ್ಕು ಸುತ್ತ ಇಟ್ಟಿಗೆ ಗೋಡೆ ಏರಿಸಿ, ಬಾಡಿಗೆಗೆ ಕೊಟ್ಟು, ಪ್ರತ್ಯೇಕ ಮೀಟರಿಗೆ ಅರ್ಜಿ ಹಾಕಿದ ದಿನ ಪ್ರಶ್ನೆ ಏಳುತ್ತದೆ.

ಈಗ ಕಾಗದಕ್ಕೆ ಬರೋಣ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಮ್ಮ ಕಡೆ ಮನೆಯ ದಾಖಲೆ ಎಂದರೆ ಮೊದಲು ಬಾಯಿಗೆ ಬರುವುದು ಉತಾರ. ಪಾಲಿಕೆಯ ಉತಾರ ಈಗ ಇ-ಖಾತಾ ರೂಪದಲ್ಲಿ ಬರುತ್ತದೆ. ಹಳೇ ಹುಬ್ಬಳ್ಳಿಯ, ಹಳೇ ಧಾರವಾಡದ ಓಣಿಗಳಲ್ಲಿ ಇದರ ಜೊತೆಗೆ ಸಿಟಿ ಸರ್ವೆ ಕಚೇರಿಯ ಪಿ.ಆರ್. ಕಾರ್ಡ್ (ಆಸ್ತಿಯ ಮಾಲೀಕರ ಹೆಸರು, ಅಳತೆ ಇರುವ ದಾಖಲೆ) ಇರುತ್ತದೆ, ಸಿ.ಟಿ.ಎಸ್. ನಂಬರ್, ಅಂದರೆ ಸಿಟಿ ಸರ್ವೆ ನಂಬರ್ ಇರುತ್ತದೆ, ಮುಂಬೈ ಪ್ರಾಂತದಲ್ಲಿದ್ದ ಕಾಲದ ಪದ್ಧತಿ. ಬೆಂಗಳೂರಿನಿಂದ ವರ್ಗವಾಗಿ ಬಂದವರು ಇದನ್ನು ಕಂಡು ಗಲಿಬಿಲಿಗೊಳ್ಳುತ್ತಾರೆ. ಉತಾರದಲ್ಲಿ ಒಂದು ಅಳತೆ, ಪಿ.ಆರ್. ಕಾರ್ಡಿನಲ್ಲಿ ಇನ್ನೊಂದು, ಖರೀದಿ ಪತ್ರದಲ್ಲಿ ಮತ್ತೊಂದು ಇರುವುದು ನಮ್ಮಲ್ಲಿ ಅಪರೂಪವಲ್ಲ. ಅಜ್ಜನ ಕಾಲದಲ್ಲಿ ಬಾಯಿಮಾತಿನ ವಾಟ್ನಿ (ಆಸ್ತಿ ಪಾಲು) ಆಗಿ, ಒಂದು ವಾಡೆ ಮೂರು ಮನೆಯಾಗಿ, ಕಾರ್ಡಿನಲ್ಲಿ ಮಾತ್ರ ಒಂದೇ ಹೆಸರು ಉಳಿದಿರುತ್ತದೆ. ಮೂರನೇ ಪಾಲಿನವರು ಮಹಡಿ ಏರಿಸಲು ಹೊರಟಾಗ ಆ ವಾಟ್ನಿಗೆ ಕಾಗದ ಎಲ್ಲಿ ಎಂದು ಕೇಳುತ್ತಾರೆ.

ಹೊಸ ಬಡಾವಣೆಗಳಲ್ಲಿ ಬೇರೆ ತರಹದ ತಾಪತ್ರಯ. ಸರಿಯಾದ ಪ್ಲಾಟಿಗೆ ಎರಡು ಹಿನ್ನೆಲೆ ಇರಬೇಕು: ಹೊಲವನ್ನು ಬಿನ್‌ಶೇತ್ಕಿ ಮಾಡಿದ ಆದೇಶ, ಅಂದರೆ ನಾವು ಎನ್.ಎ. ಅನ್ನುವುದು, 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಆದದ್ದು. ಮತ್ತು ಪ್ರಾಧಿಕಾರ ಮಂಜೂರು ಮಾಡಿದ ಲೇಔಟ್ ನಕ್ಷೆ. ಗುಂಟಾ ಪ್ಲಾಟಿನಲ್ಲಿ ಇವೆರಡೂ ಇರುವುದಿಲ್ಲ. ಒಂದು ಗುಂಟೆ ಎಂದರೆ 1089 ಚದರಡಿ, 33ಕ್ಕೆ 33. ಹೊಲವನ್ನು ಹೀಗೆ ಗುಂಟೆ ಗುಂಟೆಯಾಗಿ ಮಾರಿದ ಜಾಗದಲ್ಲಿ ಮನೆ ಕಟ್ಟಿ, ಕರ ತುಂಬಿ, ಕರೆಂಟು-ನಳ ಪಡೆದು ನೆಮ್ಮದಿಯಾಗಿ ಇರುವ ಸಾವಿರಾರು ಕುಟುಂಬಗಳಿವೆ. 2025ರಲ್ಲಿ ರಾಜ್ಯದ ನಗರ ಸಂಸ್ಥೆಗಳಲ್ಲಿ ಇಂಥ ಆಸ್ತಿಗಳಿಗೆ ಬಿ-ಖಾತಾ ಕೊಡುವ ಅಭಿಯಾನವೂ ನಡೆಯಿತು. ಬಿ-ಖಾತಾದಿಂದ ಆಸ್ತಿ ಲೆಕ್ಕಕ್ಕೆ ಬಂದಿತು, ಕರ ತುಂಬಲು ದಾರಿಯಾಯಿತು. ಅದನ್ನು ಹಿಡಿದುಕೊಂಡು ಹೋಗಿ ಮೇಲಿನ ಮಹಡಿಗೆ ಪರವಾನಗಿ ಕೇಳಿದರೆ ಸಿಗುತ್ತದೆ ಎಂದು ತಿಳಿಯಬೇಡಿ. ಕರ ತುಂಬಿದ ರಸೀದಿ ಕಟ್ಟಡವನ್ನು ಸಕ್ರಮ ಮಾಡುವುದಿಲ್ಲ. ಕಾಯ್ದೆಯಲ್ಲೇ ಹಾಗೆಂದು ಬರೆದಿದೆ.

ಇನ್ನು ಮಂಜೂರಾದ ಹಳೇ ನಕ್ಷೆ. ಅದು ಮನೆಯಲ್ಲಿ ಇಲ್ಲದಿದ್ದರೆ ಗಾಬರಿ ಬೇಡ. ವಲಯ ಕಚೇರಿಗೆ ಅರ್ಜಿ ಕೊಟ್ಟು ದೃಢೀಕೃತ ಪ್ರತಿ ಕೇಳಬಹುದು, ಅಲ್ಲಿ ಸತಾಯಿಸಿದರೆ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ನಕ್ಷೆ ಸಿಕ್ಕ ಮೇಲೆ ಒಂದು ರವಿವಾರ ಟೇಪು ಹಿಡಿದುಕೊಂಡು ಮನೆ ಸುತ್ತ ತಿರುಗಿ. ಇದಕ್ಕೆ ಎಂಜಿನಿಯರ್ ಬೇಕಿಲ್ಲ, ಮನೆಯ ಇಬ್ಬರು ಸಾಕು. ಮುಂದಿನ ಅಳತೆ ಸಲೀಸಾಗಿ ಸಿಗುತ್ತದೆ, 30 ಅಡಿ ಸರಿಯಾಗಿ ಇರುತ್ತದೆ. ಹಿತ್ತಲಿಗೆ ಬಂದರೆ ಟೇಪಿನ ಕೊಕ್ಕೆ ಸಿಕ್ಕಿಸಲು ಮೂಲೆಯ ಕಲ್ಲೇ ಇರುವುದಿಲ್ಲ. ಹುಡುಕಿದರೆ ಅದು ಪಕ್ಕದವರ ತುಳಸಿ ಕಟ್ಟೆಯ ಬುಡದಲ್ಲಿ ಅರ್ಧ ಹೂತುಕೊಂಡಿರುತ್ತದೆ. ಅಲ್ಲಿಂದ ಎಳೆದರೆ 30. ಈಗಿರುವ ಕಂಪೌಂಡಿನಿಂದ ಎಳೆದರೆ 28 ಅಡಿ 9 ಇಂಚು. ಈ ಒಂದೂಕಾಲು ಅಡಿಗಾಗಿ ಇಷ್ಟು ದಿನ ಯಾರೂ ಜಗಳ ಆಡಿಲ್ಲ. ಹೊಸ ನಕ್ಷೆಯಲ್ಲಿ ಮಾತ್ರ ಅದು ಕಾಣಿಸಿಕೊಳ್ಳುತ್ತದೆ. ಆಮೇಲೆ ಮನೆಯ ನಾಲ್ಕೂ ಗೋಡೆಯಿಂದ ಕಂಪೌಂಡಿಗೆ ಎಷ್ಟು ಅಂತರ ಎಂದು ನಕ್ಷೆಯ ಪಕ್ಕದಲ್ಲೇ ಪೆನ್ಸಿಲಿನಲ್ಲಿ ಬರೆಯಿರಿ. ಹೆಚ್ಚಿನ ಮನೆಗಳಲ್ಲಿ ಒಂದೇ ಕಥೆ: ನಕ್ಷೆಯಲ್ಲಿ ಹಿಂದೆ ಖಾಲಿ ಬಿಟ್ಟ ಕಡೆ ಬಚ್ಚಲು, ಪಕ್ಕದಲ್ಲಿ ಖಾಲಿ ಬಿಟ್ಟ ಕಡೆ ಹೊರಗಿನ ಪಾವಟಿಗೆ (ಮೆಟ್ಟಿಲು), ಮುಂದಿನ ಪೋರ್ಚಿಗೆ ಶಟರ್ ಬಿದ್ದು ಝೆರಾಕ್ಸ್ ಅಂಗಡಿ.

ಆಗ ಲೆಕ್ಕ ಹೇಗೆ ಕೆಡುತ್ತದೆ ನೋಡಿ. 30×40ರ ಪ್ಲಾಟು, 1200 ಚದರಡಿ. ನಿಮ್ಮ ರಸ್ತೆಗೆ, ನಿಮ್ಮ ಪ್ಲಾಟಿನ ಅಳತೆಗೆ ಎಫ್.ಎ.ಆರ್. (ಪ್ಲಾಟಿನ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಎಂಬ ಅಂಕಿ) 1.75 ಎಂದಿದೆ ಅಂದುಕೊಳ್ಳೋಣ. ಅಂದರೆ ಎಲ್ಲ ಮಹಡಿ ಸೇರಿ 2100 ಚದರಡಿ ಕಟ್ಟಬಹುದು. ಕೆಳಗೆ 850, ಮೇಲೆ 850 ಆಗಿದೆ, ಒಟ್ಟು 1700. ಇನ್ನೂ 400 ಚದರಡಿ ಬಾಕಿ ಇದೆ ಎಂದು ಖುಷಿಯಾಗುತ್ತದೆ. ಎರಡನೇ ಮಹಡಿಯಲ್ಲಿ ಒಂದು ದೊಡ್ಡ ಖೋಲಿ, ಬಚ್ಚಲು ಸಲೀಸಾಗಿ ಬರುತ್ತದೆ. ಆದರೆ ಬಿಡಬೇಕಾದ ಜಾಗದಲ್ಲಿ ಕಟ್ಟಿದ ಬಚ್ಚಲು ಮತ್ತು ಪಾವಟಿಗೆ ಮೊದಲೇ ಉಲ್ಲಂಘನೆ. ಅವು ಇರುವ ತನಕ ಆ 400 ಚದರಡಿ ಕಾಗದದ ಮೇಲಿನ ಲೆಕ್ಕವಾಗಿಯೇ ಉಳಿಯುತ್ತದೆ. ನಕ್ಷೆ ಈಗ ಆನ್‌ಲೈನಿನಲ್ಲಿ ಹೋಗುತ್ತದೆ, ಅಂತರ ಕಡಿಮೆ ಬಿದ್ದರೆ ಸಾಫ್ಟ್‌ವೇರ್ ಅಲ್ಲೇ ಕೆಂಪು ಮಾಡಿ ತೋರಿಸುತ್ತದೆ. ಹಾಗೆಂದು ಕೆಲವರು ಪಾವಟಿಗೆಯನ್ನು ನಕ್ಷೆಯಲ್ಲಿ ತೋರಿಸುವುದೇ ಬೇಡ ಎನ್ನುತ್ತಾರೆ. ತೋರಿಸದ ನಕ್ಷೆಗೆ ಸಹಿ ಮಾಡುವ ಎಂಜಿನಿಯರ್ ಸಿಕ್ಕರೆ ಅಂಥವರಿಂದ ದೂರ ಇರಿ, ನಾಳೆ ನೋಟಿಸ್ ಬರುವುದು ನಿಮ್ಮ ಹೆಸರಿಗೆ.

ದಾರಿ ಇಲ್ಲವೇ ಎಂದರೆ ಇದೆ. ಎಷ್ಟೋ ಮನೆಗಳಲ್ಲಿ ಹಿಂದಿನ ಬಚ್ಚಲನ್ನು ತೆಗೆದು, ಹೊರಗಿನ ಪಾವಟಿಗೆಯನ್ನು ಒಳಗೆ ತಂದು, ಹಳೇ ಮನೆ ಮತ್ತು ಹೊಸ ಖೋಲಿ ಎರಡನ್ನೂ ಒಂದೇ ನಕ್ಷೆಯಲ್ಲಿ ಇಟ್ಟರೆ ಪರವಾನಗಿ ಸಿಗುತ್ತದೆ. ಪಡಸಾಲೆಯಲ್ಲಿ ಸ್ವಲ್ಪ ಜಾಗ ಹೋಗುತ್ತದೆ, ನಿಜ. ಹೊರಗಿನ ಪಾವಟಿಗೆಯ ಮೇಲೆ ನಮ್ಮವರಿಗೆ ಅಷ್ಟು ಪ್ರೀತಿ ಯಾಕೆ ಎಂದರೆ ಮೇಲಿನದನ್ನು ಬಾಡಿಗೆಗೆ ಕೊಡಬಹುದು ಎಂಬ ಆಸೆ. ಮಗ-ಸೊಸೆಗೆ ಎಂದು ಶುರುವಾದ ಖೋಲಿ ಬಾಡಿಗೆಯ ಲೆಕ್ಕಕ್ಕೆ ಬರುವಷ್ಟರಲ್ಲಿ ಪ್ಲ್ಯಾನೇ ಬದಲಾಗಿರುತ್ತದೆ.

ಖೋಲಿಯ ಅಳತೆಯ ಬಗ್ಗೆ ಒಂದು ಮಾತು. ನಮ್ಮ ಕಡೆ ಖೋಲಿ ಎಂದರೆ 10×10. ಮೀಟರಿಗೆ ತಿರುಗಿಸಿದರೆ 9.29 ಚದರ ಮೀಟರ್. ಕಟ್ಟಡ ಸಂಹಿತೆ ಮನೆಯಲ್ಲಿ ಒಂದೇ ವಾಸದ ಕೋಣೆ ಇದ್ದರೆ ಅದು ಕನಿಷ್ಠ 9.5 ಚದರ ಮೀಟರ್ ಇರಬೇಕು ಎನ್ನುತ್ತದೆ. ಎರಡಿದ್ದರೆ ಒಂದು 9.5, ಇನ್ನೊಂದು 7.5 ಆದರೂ ಸಾಕು. ಅಂದರೆ ಈಗಾಗಲೇ ದೊಡ್ಡ ಕೋಣೆ ಇರುವ ಮನೆಗೆ 9×9ರ ಖೋಲಿ ಸೇರಿಸಿದರೂ ನಡೆಯುತ್ತದೆ, ಒಂದೇ ಖೋಲಿಯ ಬಾಡಿಗೆ ಮನೆ ಎಂದು 10×10 ಕಟ್ಟಿದರೆ ಕೂದಲೆಳೆಯಷ್ಟು ಕಡಿಮೆ ಬೀಳುತ್ತದೆ. ಎತ್ತರ 2.75 ಮೀಟರ್, ಸುಮಾರು 9 ಅಡಿ. ಕಿಟಕಿಗೆ ಹವಾಮಾನ ನೋಡಿ ನೆಲದ ವಿಸ್ತೀರ್ಣದ ಹತ್ತರಲ್ಲಿ ಒಂದರಿಂದ ಆರರಲ್ಲಿ ಒಂದು ಪಾಲು. ಇವು ಸಂಹಿತೆಯ ಅಂಕಿಗಳು, ಸ್ಥಳೀಯ ಬೈಲಾದಲ್ಲಿ ಬರೆದದ್ದು ಕೊನೆಯ ಮಾತು.

ಕಿಟಕಿ ಎಂದೊಡನೆ ನೆರೆಹೊರೆ ನೆನಪಾಗುತ್ತದೆ. 1882ರ ಈಸ್‌ಮೆಂಟ್ ಕಾಯ್ದೆಯ 15ನೇ ಕಲಂ ಪ್ರಕಾರ, ಒಂದು ಮನೆಗೆ ನಿಮ್ಮ ಜಾಗದ ಮೇಲಿನಿಂದ 20 ವರ್ಷ ತಕರಾರಿಲ್ಲದೆ, ತಡೆಯಿಲ್ಲದೆ ಬೆಳಕು-ಗಾಳಿ ಬರುತ್ತಿದ್ದರೆ ಅದು ಅವರ ಹಕ್ಕಾಗುತ್ತದೆ. ಪಾಲಿಕೆಯ ಪರವಾನಗಿ ನಿಮ್ಮ ಕೈಯಲ್ಲಿದ್ದರೂ ಪಕ್ಕದವರು ಸಿವಿಲ್ ಕೋರ್ಟಿಗೆ ಹೋಗಬಹುದು. ಸ್ವಲ್ಪ ಬೆಳಕು ಕಡಿಮೆಯಾಯಿತು ಎಂಬಷ್ಟಕ್ಕೆ ಕೋರ್ಟು ಒಪ್ಪುವುದಿಲ್ಲ, ವಾಸಕ್ಕೆ ನಿಜವಾದ ತೊಂದರೆ ಆಗಿರಬೇಕು. ಹಳೇ ಓಣಿಗಳಲ್ಲಿ ಇನ್ನೊಂದು ಗಂಟು ಸಾಮಾಯಿಕ ಗೋಡೆ. ಎರಡೂ ಮನೆಯ ತೊಲೆ ಒಂದೇ ಗೋಡೆಯ ಮೇಲೆ ಕೂತಿರುತ್ತವೆ. ಆ ಗೋಡೆಯ ಮೇಲೆ ನೀವೊಬ್ಬರೇ ಮಹಡಿ ಏರಿಸಲು ಬರುವುದಿಲ್ಲ. ಒಪ್ಪಿಗೆಯನ್ನು ಚಹಾ ಕುಡಿಯುತ್ತ ಬಾಯಿಮಾತಿನಲ್ಲಿ ಪಡೆದಿದ್ದರೆ ಅದನ್ನು ಕಾಗದದ ಮೇಲೆ ಇಳಿಸಿಕೊಳ್ಳಿ, ಅವರ ಮಕ್ಕಳ ಕಾಲಕ್ಕೆ ಆ ಚಹಾ ನೆನಪಿರುವುದಿಲ್ಲ.

ಕರೆಂಟು ತಂತಿಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ರಸ್ತೆಯ ಕಂಬ ಹಾಕಿದಾಗ ನಿಮ್ಮದು ಒಂದೇ ಅಂತಸ್ತಿನ ಮನೆ. ಮೇಲೆ ಏರಿಸಿ, ಮುಂದೆ ಮೂರು ಅಡಿ ಗ್ಯಾಲರಿ ತೆಗೆದರೆ 11 ಕೆ.ವಿ. ತಂತಿ ಕೈಗೆಟುಕುವಷ್ಟು ಹತ್ತಿರ ಬರುತ್ತದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮದಂತೆ 11 ಕೆ.ವಿ. ತಂತಿಗೂ ಕಟ್ಟಡಕ್ಕೂ ಅಡ್ಡಲಾಗಿ ಕನಿಷ್ಠ 1.2 ಮೀಟರ್, ಕಟ್ಟಡದ ಮೇಲಿಂದ ಹಾದರೆ 3.7 ಮೀಟರ್ ಅಂತರ ಇರಬೇಕು. ಮನೆಗಳಿಗೆ ಕರೆಂಟು ಕೊಡುವ ಸಾದಾ ಲೈನಿಗೂ ಅಡ್ಡ 1.2, ಮೇಲೆ 2.5 ಮೀಟರ್. ಗೌಂಡಿಯ ಆಳುಗಳು ಮೊದಲ ಮಹಡಿಯಲ್ಲಿ ನಿಂತು 20 ಅಡಿ ಸರಳನ್ನು ಅಡ್ಡ ತಿರುಗಿಸುವುದನ್ನು ಒಮ್ಮೆ ನಿಂತು ನೋಡಿ, ಈ ಅಂಕಿ ಯಾಕೆ ಬೇಕು ಎಂದು ತಿಳಿಯುತ್ತದೆ. ತಂತಿ ಸರಿಸಬೇಕಾದರೆ ಕೆಲಸ ಶುರು ಮಾಡುವ ಮುನ್ನ ನಮ್ಮ ಭಾಗದ ವಿದ್ಯುತ್ ಕಂಪನಿ ಹೆಸ್ಕಾಂಗೆ ಅರ್ಜಿ ಹಾಕಿ, ಖರ್ಚು ನಿಮ್ಮದೇ.

ನಕ್ಷೆ ಮಂಜೂರಾಯಿತು ಅನ್ನಿ. ಕೆಳಗಿನ ಮನೆ ಮೇಲಿನದನ್ನು ಹೊರುತ್ತದೆಯೇ? 2019ರ ಮಾರ್ಚ್ 19ರಂದು ಇದೇ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ತೀರಿಕೊಂಡರು. ಅದು ದೊಡ್ಡ ವಾಣಿಜ್ಯ ಕಟ್ಟಡ, ನಮ್ಮ ಖೋಲಿಗೂ ಅದಕ್ಕೂ ಹೋಲಿಕೆ ಇಲ್ಲ ಎಂದು ಅನ್ನಿಸಬಹುದು. ಆದರೆ ಕಾಲಂ ಭಾರ ಹೊರುವ ಲೆಕ್ಕ ಎರಡಕ್ಕೂ ಒಂದೇ.

ಮಾಳಿಗೆಯ ಮೇಲೆ ಕಾಲಂ ಸರಳುಗಳು ತಲೆ ಎತ್ತಿ ನಿಂತಿರುವ ಮನೆಗಳು ನಮ್ಮ ಊರಲ್ಲಿ ಎಲ್ಲಿ ನೋಡಿದರೂ ಇವೆ. "ಮುಂದ ಏರಸಾಕ ಅಂತ ಬಿಟ್ಟೀವಿ" ಎನ್ನುತ್ತಾರೆ. ಹತ್ತಿರ ಹೋಗಿ ನೋಡಿ. ಹದಿನೈದು ಮಳೆಗಾಲ ಕಂಡ ಸರಳಿನ ಬುಡದಲ್ಲಿ, ಸ್ಲ್ಯಾಬಿಗೆ ತಾಗುವ ಕಡೆ, ಪದರು ಪದರಾಗಿ ತುಕ್ಕು ಏಳುತ್ತಿರುತ್ತದೆ; ಉಗುರಿನಿಂದ ಕೆರೆದರೆ ಹೊಟ್ಟಿನ ಹಾಗೆ ಉದುರುತ್ತದೆ. 12 ಎಂ.ಎಂ. ಸರಳಿಗೆ ಹೊಸದನ್ನು ಜೋಡಿಸಲು ಸುಮಾರು ಎರಡು ಅಡಿ ಉದ್ದ ಬೇಕು ಎಂಬುದು ಸೈಟಿನ ಲೆಕ್ಕ. ಅಲ್ಲಿ ಉಳಿದದ್ದು ಒಂದು ಅಡಿ, ಅದೂ ಬಾಗಿದ್ದು. ಸರಳು ಬಿಟ್ಟಿದ್ದರು ಎಂದ ಮಾತ್ರಕ್ಕೆ ಪಾಯವನ್ನೂ ಎರಡು ಮಹಡಿಗೆ ಲೆಕ್ಕ ಹಾಕಿ ತೋಡಿದ್ದರು ಎಂದು ಹೇಳಲಾಗದು. ಪಾಯದ ಪಕ್ಕ ಒಂದು ಕಡೆ ಗುಂಡಿ ತೆಗೆಸಿ, ಫೂಟಿಂಗ್ ಎಷ್ಟು ಅಗಲ, ಎಷ್ಟು ಆಳ ಎಂದು ಕಣ್ಣಾರೆ ನೋಡಿಸಿ. ಒಂದು ದಿನದ ಕೂಲಿ ಹೋಗುತ್ತದೆ ಅಷ್ಟೆ.

ಪಕ್ಕಕ್ಕೆ ಖೋಲಿ ಸೇರಿಸುವವರಿಗೆ ಮಣ್ಣಿನ ಮಾತು. ಹುಬ್ಬಳ್ಳಿಯಿಂದ ನವಲಗುಂದ, ಅಣ್ಣಿಗೇರಿ, ಗದಗಿನ ಕಡೆ ಹೊರಟರೆ ಎರಿ, ಅಂದರೆ ಕಪ್ಪು ಮಣ್ಣು. ಮಳೆಯಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಹಳೇ ಮನೆ ಈ ಮಣ್ಣಿನಲ್ಲಿ ವರ್ಷಾನುಗಟ್ಟಲೆ ಕೂತು ತನ್ನ ಜಾಗ ಮಾಡಿಕೊಂಡಿರುತ್ತದೆ. ಹೊಸ ಖೋಲಿ ಈಗ ಕೂಡುವುದಕ್ಕೆ ಶುರು ಮಾಡುತ್ತದೆ. ಎರಡನ್ನೂ ಹಲ್ಲು ಕೂಡಿಸಿ ಒಂದೇ ಗೋಡೆ ಮಾಡಿದರೆ ಮೊದಲ ಬೇಸಿಗೆಗೇ ಸಂದಿಯಲ್ಲಿ ಓರೆಯಾಗಿ ಬಿರುಕು ಬರುತ್ತದೆ. ಗೌಂಡಿ ಬಂದು ಸಿಮೆಂಟು ತುಂಬುತ್ತಾನೆ, ಮುಂದಿನ ವರ್ಷ ಮತ್ತೆ ಬರುತ್ತದೆ. ಇಂಥ ಕಡೆ ಎರಿ ತೆಗೆದು ಗರಸು ತುಂಬಿ ದಮ್ಮಸು ಹೊಡೆಸುವುದು, ಎರಿ ಆಳವಾಗಿದ್ದರೆ ತುದಿಯಲ್ಲಿ ಗಡ್ಡೆ ಬಿಟ್ಟಂತಿರುವ ಅಂಡರ್-ರೀಮ್ಡ್ ಪೈಲು ಹಾಕಿ ಮೇಲೆ ಬೀಮ್ ಕಟ್ಟುವುದು, ಹಳೆಯದಕ್ಕೂ ಹೊಸದಕ್ಕೂ ನಡುವೆ ಬೇಕೆಂದೇ ಒಂದು ಸಂದು ಬಿಡುವುದು ರೂಢಿ. ಹೊಸ ಬಚ್ಚಲಿನ ನೀರು ಆ ಸಂದಿನ ಬುಡಕ್ಕೆ ಹೋಗದಂತೆ ನೋಡಿಕೊಳ್ಳಿ, ಏಕೆಂದರೆ ಒಂದು ಕಡೆ ಹಸಿ ಒಂದು ಕಡೆ ಒಣ ಇದ್ದರೆ ಎರಿ ಮಣ್ಣು ಇನ್ನೂ ಹೆಚ್ಚು ಎಳೆದಾಡುತ್ತದೆ.

ನಮ್ಮ ಭಾಗದಲ್ಲಿ ಕೆಲವರಿಗೆ ಮಾತ್ರ ಬರುವ, ಆದರೆ ಬಂದರೆ ಬಿಡದ ಒಂದು ನಿಯಮವಿದೆ. ಉಣಕಲ್ಲಿನ ಚಂದ್ರಮೌಳೇಶ್ವರ, ಗದಗಿನ ತ್ರಿಕೂಟೇಶ್ವರ, ಲಕ್ಕುಂಡಿಯ ಗುಡಿಗಳು, ಹಾವೇರಿಯ ಸಿದ್ಧೇಶ್ವರ, ಹಾನಗಲ್ಲಿನ ತಾರಕೇಶ್ವರ ಇವೆಲ್ಲ ಕೇಂದ್ರದ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯಂತೆ, ಸಂರಕ್ಷಿತ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಭಾಗದಲ್ಲಿ ಹೊಸ ಖೋಲಿ ಇಲ್ಲವೇ ಇಲ್ಲ. 1992ರ ಜೂನ್ 16ಕ್ಕೆ ಮುಂಚೆ ಇದ್ದ ಮನೆಗೆ ದುರಸ್ತಿ, ನವೀಕರಣ ಮಾತ್ರ, ಅದೂ ಸಕ್ಷಮ ಪ್ರಾಧಿಕಾರದ ಅನುಮತಿಯಿಂದ. ನಿಯಂತ್ರಿತ ಭಾಗದಲ್ಲಿ ಅನುಮತಿ ಪಡೆದು ಕಟ್ಟಬಹುದು. ಉಲ್ಲಂಘಿಸಿದರೆ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ, ಅಥವಾ ಎರಡೂ. ತಲೆಮಾರುಗಳಿಂದ ಗುಡಿಯ ಗೋಡೆಗೆ ಒರಗಿ ಬದುಕಿದ ಕುಟುಂಬಗಳಿಗೆ ಇದು ಕಠಿಣ ಎಂದು ನನಗೆ ಅನ್ನಿಸುತ್ತದೆ. ಮಕ್ಕಳು ದೊಡ್ಡವರಾದರೂ ಮನೆ ದೊಡ್ಡದಾಗುವಂತಿಲ್ಲ, ಪರಿಹಾರ ಕೊಟ್ಟು ಸ್ಥಳಾಂತರಿಸುವ ಮಾತು ಕಾಗದದಲ್ಲೇ ಸುತ್ತುತ್ತದೆ. ಆದರೂ ಕಾಯ್ದೆ ಇದೆ, ಪಾಲಿಕೆಯ ಪರವಾನಗಿ ಅದಕ್ಕೆ ಬದಲಿಯಲ್ಲ.

ಈಗಾಗಲೇ ಕಟ್ಟಿಬಿಟ್ಟವರು ಇಲ್ಲಿ ಕೂತಿದ್ದೀರಿ, ಮುಖ ನೋಡಿದರೆ ಗೊತ್ತಾಗುತ್ತದೆ. ಪಾಲಿಕೆ ಕಾಯ್ದೆಯ 321ನೇ ಕಲಮಿನಡಿ ಆಯುಕ್ತರು ಮೊದಲು ತಾತ್ಕಾಲಿಕ ಆದೇಶ ಹೊರಡಿಸಿ, ಕಾರಣ ಕೇಳಿ ನೋಟಿಸ್ ಕೊಡುತ್ತಾರೆ. ನಿಮ್ಮ ಉತ್ತರ ನೋಡಿ ಆದೇಶವನ್ನು ಖಾಯಂ ಮಾಡಬಹುದು, ಬದಲಿಸಬಹುದು. ಈ ನೋಟಿಸಿಗೆ ಉತ್ತರ ಕೊಡದೆ ಕಪಾಟಿನಲ್ಲಿಡುವಷ್ಟು ದಡ್ಡತನ ಇನ್ನೊಂದಿಲ್ಲ. 2024ರ ನವೆಂಬರ್ 13ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಕೆಡವುವ ಮುನ್ನ ಕನಿಷ್ಠ 15 ದಿನದ ನೋಟಿಸ್ ಬೇಕು ಎಂದಿದೆ. ರಸ್ತೆ, ಫುಟ್‌ಪಾತ್, ಕೆರೆಯ ಜಾಗದಲ್ಲಿ ಕಟ್ಟಿದ್ದಕ್ಕೆ ಈ ರಕ್ಷಣೆ ಇಲ್ಲ. ಅದೇ ವರ್ಷ ಡಿಸೆಂಬರ್ 17ರ ಇನ್ನೊಂದು ತೀರ್ಪು, ವಾಸಯೋಗ್ಯ ಪ್ರಮಾಣಪತ್ರ ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು ಕೊಡಬಾರದು ಎಂದಿತು. ಸಣ್ಣ ಮನೆಗಳಿಗೆ ವಿನಾಯಿತಿ ಕೊಡುವ ಮಾತು ಸರ್ಕಾರದ ಮಟ್ಟದಲ್ಲಿ ಆಮೇಲೆ ಬಂತು, ಆದರೂ ಹೊಸ ಖೋಲಿಗೆ ಬೇರೆ ಮೀಟರ್ ಬೇಕೆನ್ನುವವರು ಈ ತೀರ್ಪನ್ನು ಮರೆಯಬಾರದು.

"ಅಕ್ರಮ-ಸಕ್ರಮ ಬರ್ತೈತಿ ತಡೀರಿ" ಎನ್ನುವವರೂ ಇದ್ದಾರೆ. ವಾಸದ ಕಟ್ಟಡದಲ್ಲಿ ಶೇಕಡಾ 50ರವರೆಗಿನ ಉಲ್ಲಂಘನೆಯನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ನಿಯಮ 2014ರಲ್ಲಿ ಬಂದದ್ದು ನಿಜ. ಹೈಕೋರ್ಟು ಎತ್ತಿಹಿಡಿಯಿತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು. ಅದರಲ್ಲೂ 2013ರ ಅಕ್ಟೋಬರ್ 19ಕ್ಕೆ ಮುಂಚಿನ ಕಟ್ಟಡಗಳಿಗೆ ಮಾತ್ರ ಎಂದಿತ್ತು. ಈ ವರ್ಷ ಹಾಕುವ ಸ್ಲ್ಯಾಬಿಗೆ ಅದು ಯಾವ ಲೆಕ್ಕದಲ್ಲೂ ಬರುವುದಿಲ್ಲ.

ದುಡ್ಡಿನ ಬಗ್ಗೆ: ಪರವಾನಗಿ ಶುಲ್ಕವನ್ನು ಕಟ್ಟುವ ವಿಸ್ತೀರ್ಣದ ಮೇಲೆ ಹಾಕುತ್ತಾರೆ. ಕಾರ್ಮಿಕ ಕಲ್ಯಾಣ ಸೆಸ್ಸು ಶೇಕಡಾ 1, ಆದರೆ ಸ್ವಂತ ವಾಸದ ಮನೆಯ ಖರ್ಚು 50 ಲಕ್ಷ ಮೀರದಿದ್ದರೆ ಇಲ್ಲ (2025ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆ ಜಾರಿಯಾಗುವ ಮುಂಚೆ ಈ ಮಿತಿ 10 ಲಕ್ಷ ಇತ್ತು). ಕಟ್ಟಿದ ಮೇಲೆ ಹೆಚ್ಚಾದ ಚದರಡಿಯನ್ನು ಆಸ್ತಿ ಕರದ ಸ್ವಯಂ ಘೋಷಣೆಯಲ್ಲಿ ತೋರಿಸಬೇಕು.

ಇನ್ನು ಸಭೆಯಲ್ಲಿ ಬಂದ ಪ್ರಶ್ನೆಗಳು.

ಒಬ್ಬರು ಗಟಾರದ ಮೇಲೆ ಸ್ಲ್ಯಾಬ್ ಹಾಕಿ ಗಾಡಿ ನಿಲ್ಲಿಸುವ ಬಗ್ಗೆ ಕೇಳಿದರು. ಓಣಿಯವರೆಲ್ಲ ಹಾಕಿದ್ದಾರೆ ಎಂದೂ ಸೇರಿಸಿದರು. ಗಟಾರ ನಿಮ್ಮ ಪ್ಲಾಟಿನ ಒಳಗಿಲ್ಲ, ಅದು ರಸ್ತೆಯ ಭಾಗ. ರಸ್ತೆಯ ಮೇಲಿನ ಅತಿಕ್ರಮಣವನ್ನು ನೋಟಿಸ್ ಇಲ್ಲದೆ ತೆಗೆಸುವ ಅಧಿಕಾರ ಆಯುಕ್ತರಿಗೆ ಇದೆ. ಎತ್ತಿ ಸರಿಸಬಹುದಾದ ಕಲ್ಲಿನ ಹಾಸು ಹಾಕಿ, ಗಟಾರ ಬಳಿಯುವವರಿಗೂ ಅನುಕೂಲ. ಓಣಿಯವರೆಲ್ಲ ಹಾಕಿದ್ದರೆ ಎಲ್ಲರದೂ ಒಂದೇ ದಿನ ಹೋಗುತ್ತದೆ.

ಇನ್ನೊಬ್ಬರ ಪ್ರಶ್ನೆ ಮಾಸ್ಟರ್ ಪ್ಲ್ಯಾನಿನ ರಸ್ತೆ ಅಗಲೀಕರಣದ್ದು. ನಿಮ್ಮ ಮುಂದಿನ ರಸ್ತೆ ಈಗ 30 ಅಡಿ ಇದ್ದು ನಕ್ಷೆಯಲ್ಲಿ 40 ಎಂದಿದ್ದರೆ, ಬಿಡಬೇಕಾದ ಮುಂದಿನ ಜಾಗವನ್ನು ಹೊಸ ಗಡಿಯಿಂದ ಎಣಿಸಲು ಹೇಳುತ್ತಾರೆ. ಮುಂದಕ್ಕೆ ಖೋಲಿ ತೆಗೆಯುವ ವಿಚಾರ ಇದ್ದರೆ ಪ್ರಾಧಿಕಾರದಲ್ಲಿ ಇದೊಂದನ್ನು ಮೊದಲೇ ಬರಹದಲ್ಲಿ ಕೇಳಿ ಪಡೆದುಕೊಳ್ಳಿ.

ಕೊನೆಗೆ ಹಿಂದಿನ ಸಾಲಿನಲ್ಲಿ ಕೂತಿದ್ದ ತಾಯಿಯೊಬ್ಬರು ಎದ್ದು ನಿಂತರು. "ನಮ್ಮ ಮನಿಯವರು ತೀರಿಕೊಂಡಾರ್ರೀ. ಉತಾರದಾಗ ಅವರ ಹೆಸರೇ ಐತಿ. ಮ್ಯಾಲ ಖೋಲಿ ಕಟ್ಟಬೇಕಂದ್ರ ಯಾರ ಸಹಿ ಮಾಡಬೇಕು?" ಅಮ್ಮಾ, ಮೊದಲು ವಾರಸಾ ಮಾಡಿಸಿ. ಮರಣ ಪ್ರಮಾಣಪತ್ರ ಮತ್ತು ವಂಶಾವಳಿ ಕೊಟ್ಟು ಪಾಲಿಕೆಯ ಉತಾರದಲ್ಲಿ ಹೆಸರು ಹಚ್ಚಿಸಬೇಕು. ಸಿಟಿ ಸರ್ವೆಯ ಕಾರ್ಡ್ ಇದ್ದರೆ ಅಲ್ಲಿ ಬೇರೆ ಅರ್ಜಿ, ಒಂದು ಕಡೆ ಆದದ್ದು ಇನ್ನೊಂದು ಕಡೆ ತಾನಾಗಿ ಆಗುವುದಿಲ್ಲ. ಅವರು ಸ್ವಂತ ಗಳಿಸಿದ ಮನೆಯಾಗಿ, ಮೃತ್ಯುಪತ್ರ ಮಾಡಿರದಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ನೀವು, ನಿಮ್ಮ ಗಂಡುಮಕ್ಕಳು, ಹೆಣ್ಣುಮಕ್ಕಳು, ನಿಮ್ಮ ಅತ್ತೆ ಇದ್ದರೆ ಅವರೂ ಸಮಪಾಲಿನ ವಾರಸುದಾರರು. ಲಗ್ನವಾಗಿ ಹೋದ ಮಗಳ ಹೆಸರು ಬಿಟ್ಟು ಅರ್ಜಿ ಹಾಕುವ ಚಾಳಿ ನಮ್ಮಲ್ಲಿದೆ, ಹಾಗೆ ಮಾಡಬೇಡಿ. ಅರ್ಜಿಗೆ ಎಲ್ಲರ ಒಪ್ಪಿಗೆ ಬೇಕು.

ಮಗಳು ಪುಣೆಯಲ್ಲಿದ್ದಾಳೆ, ಬರಲು ಆಗುವುದಿಲ್ಲ ಎಂದರು. ಖೋಲಿ ಕಟ್ಟಲು ಒಪ್ಪಿಗೆ ಮಾತ್ರ ಸಾಕಾದರೆ ಅಲ್ಲೇ ಬರೆದು ಸಹಿ ಮಾಡಿ ಕಳಿಸಲಿ. ತನ್ನ ಪಾಲನ್ನೇ ಬಿಟ್ಟುಕೊಡುತ್ತಾಳೆ ಎಂದರೆ ಬರೀ ಸಹಿ ನಡೆಯುವುದಿಲ್ಲ, ಹಕ್ಕು ಬಿಡುಗಡೆ ಪತ್ರವನ್ನು ಸಬ್ ರಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಬೇಕು.